ಪೆಟ್ಟಿಗೆ ಮರದ ಗೋಡೆ

ನಮ್ಮ ಅಡುಗೆಮನೆಗೆ ಮೂರು ಇಟ್ಟಿಗೆಯ ಗೋಡೆ, ಒಂದು ಮರದ ಗೋಡೆ. ಮರದ ಗೋಡೆಯ ಆಚೆ ಇದ್ದದ್ದೂ ಅಡುಗೆಮನೆಯೇ, ಆದರೆ ಅದು ದೊಡ್ಡಪ್ಪನದು. ಮೊದಲು ಎರಡೂ ಸೇರಿ ಒಂದೇ ಉದ್ದನೆಯ ಕೋಣೆಯಾಗಿತ್ತಂತೆ. ಪಾಲಾದಾಗ ನಲ್ಲಿ ನಮ್ಮ ಕಡೆ ಉಳಿಯಿತು, ಕಿಟಕಿ ಅವರ ಕಡೆ ಹೋಯಿತು. ಅಂದಿನಿಂದ ನಾವು ಹೊಗೆ ಕುಡಿದೆವು, ಅವರು ನೀರು ಹೊತ್ತರು. ಎರಡು ಕಡೆಯವರೂ ತಾವೇ ಗೆದ್ದ ಹಾಗೆ ಓಡಾಡಿದರು.

ಮನೆ ಈ ಬೀದಿಯಿಂದ ಆ ಬೀದಿಯವರೆಗೆ ಚಾಚಿಕೊಂಡಿದೆ. ಸಮುದ್ರದ ಕಡೆಯ ಬಾಗಿಲಿಗೆ ಅಪ್ಪನ ಷೆಡ್ಡು. ಅಲ್ಲಿ ಅಪ್ಪ ಅಲೆಯ ಮೇಲೆ ನಿಂತು ಜಾರುವ ಸರ್ಫ್ ಬೋರ್ಡುಗಳನ್ನು ಮರದಲ್ಲಿ, ಕೈಯಿಂದ ಮಾಡುತ್ತಾನೆ. ಮಾರ್ಕೆಟ್ಟಿನ ಕಡೆಯ ಬಾಗಿಲಿಗೆ ದೊಡ್ಡಪ್ಪನ ಷೆಡ್ಡು. ಅಲ್ಲಿ ಬಾಗಿಲು, ಕಿಟಕಿ, ಕಪಾಟು. ಹಿಂದೆ ಇಬ್ಬರೂ ಅಜ್ಜನ ಕೈಕೆಳಗೆ ಒಂದೇ ಷೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದರು. ಯಾರೋ ದೊಡ್ಡ ಮನುಷ್ಯರ ಹೆಬ್ಬಾಗಿಲಿಗೆಂದು ದೊಡ್ಡಪ್ಪ ಆರಿಸಿ, ಒಣಗಿಸಿ, ಬಟ್ಟೆ ಹೊದಿಸಿ ಇಟ್ಟಿದ್ದ ಹಲಗೆಗಳನ್ನು, ಅವನು ಊರಿನಲ್ಲಿ ಇಲ್ಲದಾಗ ಅಪ್ಪ ತೆಗೆದು ತನ್ನ ಮೊದಲ ಸರ್ಫ್ ಬೋರ್ಡು ಮಾಡಿದ. ಅದನ್ನು ನೀರಿಗಿಟ್ಟ ದಿನ ಅರ್ಧ ಬೀದಿ ನೋಡಲು ಹೋಗಿತ್ತು. ಅಪ್ಪ ಹಲಗೆಯ ಮೇಲೆ ನಿಂತ. ಹಲಗೆ ಒಂದಿಷ್ಟೂ ಅಲುಗಾಡದೆ, ಬಹಳ ಮರ್ಯಾದೆಯಿಂದ, ಅಪ್ಪನ ಸಮೇತ ಕೆಳಗೆ ಹೋಯಿತು. ಮುಳುಗು ಮೇಸ್ತ್ರಿ ಎಂಬ ಹೆಸರು ಅವತ್ತು ಬಂದದ್ದು. ಈಗ ಅಪ್ಪನ ಹಲಗೆಗಳು ಬೆಂಡಿನ ಹಾಗೆ ತೇಲುತ್ತವೆ. ಹೆಸರು ಮಾತ್ರ ಎಲ್ಲಿಗೂ ತೇಲಿ ಹೋಗಲಿಲ್ಲ.

ಬಾಗಿಲು ಹೋದದ್ದಕ್ಕೆ ದೊಡ್ಡಪ್ಪ ಕುಣಿದಾಡಿದ. ಮುಳುಗಿದ ಸಿಟ್ಟಿಗೆ ಅಪ್ಪನೂ ಕುಣಿದಾಡಿದ. ತಿಂಗಳುಗಟ್ಟಲೆ ಕೇಳಿ ಸಾಕಾದ ಅಜ್ಜ ಒಂದು ಬೆಳಗ್ಗೆ ಮರದ ರಾಶಿಯ ಹತ್ತಿರ ಹೋಗಿ, ಹಲಗೆಗಳನ್ನು ತಟ್ಟಿ ತಟ್ಟಿ ಆರಿಸಿ ತಂದು, ಸಂಜೆಯೊಳಗೆ ಅಡುಗೆಮನೆಯ ನಡುವೆ ನೆಲದಿಂದ ಚಾವಣಿಯವರೆಗೆ ಗೋಡೆ ಹಾಕಿಬಿಟ್ಟ. ಆಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಅಜ್ಜ ಹೋಗಿ ಎಷ್ಟೋ ವರ್ಷವಾಯಿತು, ಗೋಡೆ ಮಾತ್ರ ಉಳಿಯಿತು.

ಅಮ್ಮ ತೀರಿಕೊಂಡ ಮೇಲೆ ನಾನು ಶಾಲೆ ಬಿಟ್ಟು ಒಲೆಯ ಮುಂದೆ ನಿಂತೆ. ಮೊದಲ ದಿನ ಎಣ್ಣೆಗೆ ಈರುಳ್ಳಿ ಹಾಕಿ, ಮುಂದೇನು ಎಂದು ನೋಡುತ್ತಾ ಇದ್ದೆ. ಆಗ ಗೋಡೆ ಮಾತಾಡಿತು.

"ಉರಿ ಸಣ್ಣ ಮಾಡೇ. ಸೀಯ್ತಾ ಇದೆ."

ನಾನು ಬೆಚ್ಚಿ ಸಣ್ಣ ಮಾಡಿದೆ.

"ಹಾಂ. ಈಗ ಸೌಟು ಆಡಿಸು. ಕಣ್ಣಲ್ಲಿ ನೀರು ಬಂತಾ? ಬರ್ಲಿ. ಈರುಳ್ಳಿ ಮುಂದೆ ಅತ್ರೆ ಯಾರೂ ಯಾಕೆ ಅಂತ ಕೇಳಲ್ಲ."

ಅದು ದೊಡ್ಡಮ್ಮ. ಅವಳ ಮೂಗಿನಿಂದಲೇ ನಾನು ಅಡುಗೆ ಕಲಿತೆ. ಆಮೇಲೆ ಅಡುಗೆ ಒಂದು ನೆಪವಾಯಿತು. ಅಂಗಡಿಗೆ ಹೋಗಿ ಸೋಪು ಕೊಡಿ ಎನ್ನುವುದಕ್ಕೂ ನನಗೆ ನಾಲಿಗೆ ಏಳುವುದಿಲ್ಲ. ಬೇಕಾದದ್ದನ್ನು ಬೆರಳಿನಿಂದ ತೋರಿಸಿ ತರುತ್ತೇನೆ. ಆದರೆ ಗೋಡೆಯ ಮುಂದೆ ಕೂತರೆ ಮಾತು ತಾನಾಗಿ ಬರುತ್ತಿತ್ತು. ದಿನವೆಲ್ಲ ನೋಡಿದ್ದು, ಕೇಳಿದ್ದು, ಯಾರು ಯಾರ ಕಡೆ ಹೇಗೆ ನೋಡಿದರು, ಎಲ್ಲ. ದೊಡ್ಡಮ್ಮ ಆಚೆ ಕೂತು "ಆಮೇಲೆ? ಆಮೇಲೆ?" ಎನ್ನುತ್ತಿದ್ದಳು. ಬೀದಿಯಲ್ಲಿ ಎದುರಾದರೆ ಇಬ್ಬರೂ ತಲೆ ತಗ್ಗಿಸಿ ಹೋಗುತ್ತಿದ್ದೆವು. ಎರಡು ಮನೆಗೂ ಮಾತಿಲ್ಲ ಎನ್ನುವುದು ಊರಿಗೇ ಗೊತ್ತಿತ್ತು. ಗೊತ್ತಿಲ್ಲದ್ದು ಗೋಡೆಗೆ ಮಾತ್ರ.

ಹೀಗಿರುವಾಗ ಹಲ್ಲಿನ ಡಾಕ್ಟರಮ್ಮ ಬಂದರು. ಅವರಿಗೆ ಒಂಬತ್ತು ಅಡಿಯ ಸರ್ಫ್ ಬೋರ್ಡು ಬೇಕಿತ್ತು. ಎರಡು ಷರತ್ತು: ತನಗಾಗಿ ಒಂದು ಮರವನ್ನೂ ಕಡಿಯಬಾರದು, ಹಳೆಯ ಮರವೇ ಆಗಬೇಕು. ಬೋರ್ಡಿನ ಎಡ ಬಲ, ಬಾಯೊಳಗಿನ ಹಲ್ಲಿನ ಸಾಲಿನ ಹಾಗೆ, ಒಂದಕ್ಕೊಂದು ಹೊಂದಬೇಕು.

ಅಪ್ಪನಿಗೆ ಇಂಥ ಷರತ್ತು ಎಂದರೆ ಹಬ್ಬ. ಮರ ಆರಿಸುವುದರಲ್ಲಿ ಒಮ್ಮೆ ಮುಳುಗಿದವನು, ಆಮೇಲೆ ಯಾವ ಮರವನ್ನೂ ಸುಲಭವಾಗಿ ನಂಬಿದ್ದಿಲ್ಲ. ಮೊದಲು ಬೆರಳಿನ ಗೆಣ್ಣಿನಿಂದ ತಟ್ಟಿ ಕೇಳುತ್ತಾನೆ. ಉಗುರು ಒತ್ತಿ ಗುರುತು ನೋಡುತ್ತಾನೆ. ಕತ್ತರಿಸಿದ ತುದಿಗೆ ಒಂದು ಹನಿ ನೀರು ಬಿಟ್ಟು, ಮರ ಅದನ್ನು ಕುಡಿಯುತ್ತದೋ ಸುಮ್ಮನೆ ನೋಡುತ್ತದೋ ಎಂದು ಕಾಯುತ್ತಾನೆ. ಎಳೆ ನೇರವಿರಬೇಕು, ಗಂಟು ಇರಬಾರದು, ಹಗುರವಿರಬೇಕು. ಡಾಕ್ಟರಮ್ಮನ ಹಲಗೆಗಾಗಿ ಅವನು ಬಿದ್ದ ಮನೆಗಳು, ಮುರಿದ ದೋಣಿಗಳು, ಹಳೇ ಸಾಮಾನಿನ ಅಂಗಡಿಗಳು ಎಲ್ಲ ಸುತ್ತಿದ. ಒಂದು ಸಿಕ್ಕರೆ ಗೆದ್ದಲು, ಇನ್ನೊಂದು ಸಿಕ್ಕರೆ ಗಂಟು, ಮತ್ತೊಂದು ಸಿಕ್ಕರೆ ಭಾರ.

"ಮದುವೆಗೆ ಹುಡುಗನ್ನ ಹುಡುಕೋದು ಇದಕ್ಕಿಂತ ಸುಲಭ," ಎಂದು ಒಂದು ದಿನ ನನ್ನ ಕಡೆ ನೋಡಿ ಅಂದ. ನಾನು ಅಡುಗೆಮನೆಗೆ ಹೋದೆ.

ಕೆಲಸ ಎಲ್ಲಿಗೆ ಬಂತು ಎಂದು ವಿಚಾರಿಸಲು ಬಂದ ಡಾಕ್ಟರಮ್ಮನನ್ನು, ಷೆಡ್ಡಿನಲ್ಲಿ ಧೂಳು ಎಂದು ಅಪ್ಪ ಅಡುಗೆಮನೆಯಲ್ಲಿ ಕೂರಿಸಿದ. ನಾನು ಟೀ ಇಟ್ಟೆ. ಅವರು ಗೋಡೆಗೆ ಒರಗಿ ಕೂತು, ಸುಮ್ಮನೆ ಕೂರಲಾಗದ ಅಭ್ಯಾಸಕ್ಕೆ, ಚಮಚದ ಹಿಡಿಯಿಂದ ಗೋಡೆಯನ್ನು ಟಕ್ ಟಕ್ ಎಂದು ತಟ್ಟಿದರು.

"ಒಳಗೆ ಹುಳುಕಿಲ್ಲ," ಎಂದರು.

ಅಪ್ಪ ಕಪ್ಪು ಕೆಳಗಿಟ್ಟ. ಹತ್ತಿರ ಬಂದು ತಾನೂ ತಟ್ಟಿದ. ಮತ್ತೊಂದು ಕಡೆ ತಟ್ಟಿದ. ಚಾಕು ತಗೊಂಡು ಹೊಗೆ ಹಿಡಿದ ಮಸಿಯನ್ನು ಕೆರೆದ. ಕೆಳಗೆ ಬೆಣ್ಣೆಯ ಬಣ್ಣದ ಮರ. ನೇರ ಎಳೆ. ಒಂದು ಗಂಟಿಲ್ಲ. ಉಗುರು ಒತ್ತಿದ. ನನ್ನ ಕೈಯಿಂದ ನೀರು ತಗೊಂಡು ಒಂದು ಹನಿ ಬಿಟ್ಟ. ಹನಿ ಸುಮ್ಮನೆ ನಿಂತಿತು. ಊರೆಲ್ಲ ಸುತ್ತಿದ ಮನುಷ್ಯ ಇಷ್ಟು ವರ್ಷ ಇದೇ ಗೋಡೆಗೆ ಬೆನ್ನು ಕೊಟ್ಟು ಊಟ ಮಾಡಿದ್ದ.

"ಅಪ್ಪಯ್ಯಾ," ಎಂದ ಅಪ್ಪ, ಸತ್ತ ಅಜ್ಜನಿಗೆ. "ಆವಾಗ್ಲೇ ನನಗೋಸ್ಕರ ಎತ್ತಿಟ್ಟಿದ್ಯಲ್ಲೋ!"

ನನ್ನ ಕೈಯಲ್ಲಿ ಟೀ ಸೋಸುವ ಜಾಲರಿ ಹಾಗೇ ನಿಂತಿತು. ಗೋಡೆಯ ಆಚೆ ಪಾತ್ರೆ ತೊಳೆಯುವ ಸದ್ದೂ ನಿಂತಿತು.

ಮರ ಸಿಕ್ಕಿತು, ಆದರೆ ಅದರ ಇನ್ನೊಂದು ಮುಖ ದೊಡ್ಡಪ್ಪನ ಮನೆಯಲ್ಲಿತ್ತು. ಡಾಕ್ಟರಮ್ಮ ಹೋದ ಮೇಲೆ ಅಪ್ಪ ಗೋಡೆಯ ಮುಂದೆ ಹೋಗಿ ನಿಂತ. ದೊಡ್ಡಪ್ಪನೂ ಆಚೆ ಬಂದು ನಿಂತದ್ದು ಅವನ ಕೆಮ್ಮಿನಿಂದ ತಿಳಿಯಿತು.

"ನಿಮ್ಮ ದೊಡ್ಡಪ್ಪಂಗೆ ಹೇಳು," ಎಂದ ಅಪ್ಪ ನನಗೆ, "ಗೋಡೆ ತೆಗೀಬೇಕು ಅಂತ ಇದೀನಿ."

ದೊಡ್ಡಪ್ಪನಿಗೆ ಒಂದಕ್ಷರವೂ ಬಿಡದೆ ಕೇಳಿಸಿತ್ತು. ಆದರೂ ಕಾದ.

"ದೊಡ್ಡಪ್ಪಾ, ಅಪ್ಪ ಗೋಡೆ ತೆಗೀಬೇಕಂತೆ," ಎಂದೆ.

"ಏನಂತೆ?" ಎಂದು ಅವನು ಹೆಂಡತಿಯನ್ನು ಕೇಳಿದ.

"ಗೋಡೆ ತೆಗೀಬೇಕಂತೆ," ಎಂದಳು ದೊಡ್ಡಮ್ಮ.

"ಯಾಕಂತೆ? ನಲ್ಲಿ ವಾಪಸ್ ಕೊಡ್ತಾನಂತಾ?"

"ಮರ ಬೇಕಂತೆ. ನೀರಾಟದ ಹಲಗೆಗೆ."

"ಆಹಾ! ಬಾಗಿಲು ಮುಳುಗಿಸಿ ಆಯ್ತು, ಈಗ ಗೋಡೆ ಮುಳುಗಿಸ್ತಾನಾ? ಚಾವಣಿ ಒಂದು ಉಳ್ಕೊಂಡಿದೆ, ಅದನ್ನೂ ಹೊತ್ಕೊಂಡು ಹೋಗು ಅನ್ನು."

ಅಪ್ಪನ ಕಿವಿ ಕೆಂಪಾಯಿತು. "ಅವನಿಗೆ ಹೇಳು, ನಂದು ಮುಳುಗಿದ್ದು ಒಂದೇ ಒಂದು ಹಲಗೆ. ಇವನ ಬಾಗಿಲುಗಳು ಮಳೆಗಾಲದಲ್ಲಿ ಉಬ್ಬಿ ಎಷ್ಟು ಜನರನ್ನ ಬಚ್ಚಲಲ್ಲೇ ಕೂಡಿ ಹಾಕಿವೆ, ಕೇಳು!"

ಇದನ್ನು ನಾನು ಆಚೆ ದಾಟಿಸಲಿಲ್ಲ. ದಾಟಿಸುವ ಅಗತ್ಯವೂ ಇರಲಿಲ್ಲ. ಆಚೆ ಏನೋ ಪಾತ್ರೆ ಉರುಳಿತು. ಸ್ವಲ್ಪ ಹೊತ್ತಾದ ಮೇಲೆ ದೊಡ್ಡಪ್ಪನ ದನಿ ಬಂತು, ಬಹಳ ತಣ್ಣಗೆ.

"ತೆಗೀಲಿ. ಆದ್ರೆ ಅರ್ಧ ನಂದು."

"ಎಣಿಸಿ ಅರ್ಧ ಹಲಗೆ ತಗೊಳ್ಳಲಿ ಅನ್ನು."

"ಎಣಿಸೋದು ಏನು ಬಂತು? ಪ್ರತಿಯೊಂದು ಹಲಗೇಲೂ ಒಂದು ಮಗ್ಗುಲು ನಂದು, ಒಂದು ಮಗ್ಗುಲು ಅವಂದು. ನನ್ನ ಮಗ್ಗುಲಿಗೆ ನಾನು ಹಸಿರು ಬಣ್ಣ ಬಳಿದು ಮಕ್ಕಳ ಹಾಗೆ ನೋಡ್ಕೊಂಡಿದೀನಿ. ಅವಂದು ಬರೀ ಮಸಿ. ಒಂದೊಂದನ್ನೂ ದಪ್ಪದಲ್ಲಿ ನಡುವೆ ಸೀಳಬೇಕು. ಹಸಿರು ನನಗೆ, ಮಸಿ ಅವನಿಗೆ."

ಅಪ್ಪ ಬಾಯಿ ಮುಚ್ಚಿಕೊಂಡು ನಕ್ಕ. ಬೋರ್ಡಿಗೆ ತೆಳುವಾದ ಹಲಗೆಯೇ ಬೇಕು, ಹೇಗೂ ಸೀಳಲೇಬೇಕಿತ್ತು. ಅಣ್ಣ ಹಟಕ್ಕೆ ಬಿದ್ದು ತನ್ನ ಕೆಲಸವನ್ನೇ ಹಗುರ ಮಾಡುತ್ತಿದ್ದಾನೆ ಅನ್ನಿಸಿತು ಅವನಿಗೆ. "ಒಪ್ಪಿದೆ ಅನ್ನು! ಈಗಲೇ ಒಪ್ಪಿದೆ ಅನ್ನು!" ಎಂದು ನನ್ನ ಭುಜ ಹಿಡಿದು ಅಲುಗಿಸಿದ.

ಅವತ್ತು ಸಂಜೆ ಗೋಡೆಯ ಹತ್ತಿರ ಕೂತಾಗ ನನಗೆ ಮಾತು ಬರಲಿಲ್ಲ. ದೊಡ್ಡಮ್ಮನೇ ಶುರು ಮಾಡಿದಳು.

"ನಿಮ್ಮಪ್ಪ ಏನೋ ಅಂದ್ನಲ್ಲ, ಅಜ್ಜ ಅವನಿಗೋಸ್ಕರ ಎತ್ತಿಟ್ಟಿದ್ದು ಅಂತ. ನಗು ಬಂತು ಕಣೇ."

"ಯಾಕೆ?"

"ಆ ದಿನ ಹಲಗೆ ಹಿಡ್ಕೊಂಡು ನಿಂತಿದ್ದು ನಾನು. ಮಾವ ಇಡೀ ರಾಶೀಲಿ ಹುಡುಕಿ ಹುಡುಕಿ ಆರಿಸಿದ್ದು ಅತಿ ಪೊಳ್ಳು ಮರ. ಹಣ್ಣಿನ ಪೆಟ್ಟಿಗೆ ಮಾಡೋದಕ್ಕೆ ತರಿಸ್ತಿದ್ದು. ಮೊಳೇನೂ ಮೇಲೆರಡು ಕೆಳಗೆರಡು, ಅಷ್ಟೇ. 'ಒಂದು ಒದೆ ಕೊಟ್ರೆ ಬೀಳೋ ಹಾಗೆ ಮಾಡಿದೀನಿ ಕಣಮ್ಮ,' ಅಂದ್ರು. 'ಇಬ್ಬರಲ್ಲಿ ಯಾವನಿಗೆ ಮೊದಲು ಬುದ್ಧಿ ಬರುತ್ತೋ ಅವನು ಒದೀತಾನೆ. ವಾರ ತಡೆಯಲ್ಲ ನೋಡ್ತಿರು. ನೀನು ಮಾತ್ರ ಬಾಯಿ ಬಿಡಬೇಡ.'"

"ಮತ್ತೆ?"

"ಮತ್ತೇನು? ಇಬ್ಬರೂ ಗೋಡೆ ಗಟ್ಟಿಯಿದೆ ಅಂತ ನಂಬಿದ್ರು. ಮಾವ ಪಾಪ, ಸಾಯೋ ತನಕ ದಿನಾ ಬೆಳಗ್ಗೆ ಎದ್ದು ಗೋಡೆ ಇದೆಯಾ ಅಂತ ನೋಡೋರು."

"ನೀನಾದ್ರೂ ಒದೀಬಹುದಿತ್ತಲ್ಲ ದೊಡ್ಡಮ್ಮ?"

"ಒದೀಬಹುದಿತ್ತು. ನಿಮ್ಮಮ್ಮ, ನಾನು ಒಂದೇ ಅಡುಗೆಮನೇಲಿ ಇದ್ದಾಗ ಹಾವು ಮುಂಗುಸಿ ಗೊತ್ತಾ? ಅವಳು ಸೌಟು ಇಟ್ಟ ರೀತಿ ನನಗಾಗದು, ನಾನು ನಿಂತ ರೀತಿ ಅವಳಿಗಾಗದು. ಗೋಡೆ ಬಂದ ಮೇಲೆ ಅಕ್ಕತಂಗಿ ಆದ್ವಿ. ಮುಖ ಕಂಡ್ರೆ ನನಗೆ ಏನೋ ಆಗುತ್ತೆ ಮರಿ, ಎಲ್ಲಾ ಮಾತೂ ಹಾರಿ ಹೋಗುತ್ತೆ. ಅವಳಿಗೂ ಹಾಗೇ ಇತ್ತು. ನಿನಗೂ ಹಾಗೇ ಅಂತ ನನಗೆ ಗೊತ್ತು. ನಾಳೆಯಿಂದ ನಾವಿಬ್ರೂ ಏನು ಮಾಡೋದು?"

ಅದೇ ಪ್ರಶ್ನೆಯನ್ನು ನಾನೂ ಮಧ್ಯಾಹ್ನದಿಂದ ನುಂಗಿಕೊಂಡು ಕೂತಿದ್ದೆ. ಇವಳೂ ಹೋದರೆ ನನಗೆ ಮಾತಾಡಲು ಇನ್ಯಾರಿದ್ದಾರೆ?

ಮರುದಿನ ಅಪ್ಪ ಹಾರೆ, ಸುತ್ತಿಗೆ, ಗರಗಸ ಎಲ್ಲ ಹೊತ್ತು ತಂದ. ಆಚೆಯಿಂದ ದೊಡ್ಡಪ್ಪನೂ ಅಷ್ಟೇ ಸರಂಜಾಮು ತಂದದ್ದು ಸದ್ದಿನಿಂದ ಗೊತ್ತಾಯಿತು. ಇಬ್ಬರೂ ಕೋಟೆ ಮುತ್ತುವವರ ಹಾಗೆ ನಿಂತರು. ಅಪ್ಪ ಹಾರೆಯ ತುದಿಯನ್ನು ಇನ್ನೂ ಸಂದಿಗೆ ಇಟ್ಟಿದ್ದನಷ್ಟೆ, ಮೊದಲ ಹಲಗೆ ಕಿರ್ ಎಂದು ನಿಟ್ಟುಸಿರು ಬಿಟ್ಟು ಅವನ ಹೆಗಲಿಗೆ ಒರಗಿತು. ಅದರ ಹಿಂದೆ ಉಳಿದವು ಒಂದೊಂದಾಗಿ. ಎಷ್ಟೋ ವರ್ಷದ ಮೇಲೆ ಅಣ್ಣ ತಮ್ಮ ಎದುರುಬದುರಾದರು, ಇಬ್ಬರ ಕೈಯಲ್ಲೂ ಹಾರೆ.

"ಮೊಳೆಯಲ್ಲೂ ಜಿಪುಣತನ ಮಾಡಿದಾರೆ ಅಪ್ಪ," ಎಂದು ದೊಡ್ಡಪ್ಪ ಚಾವಣಿಯನ್ನು ನೋಡಿ ಹೇಳಿದ.

"ಜಿಪುಣತನ ಅಲ್ಲ. ಮರಕ್ಕೆ ಗಾಯ ಆಗಬಾರದು ಅಂತ. ಇದು ಸರ್ಫ್ ಬೋರ್ಡಿಗೆ ಹೋಗೋ ಮರ ಅಂತ ಅವರಿಗೆ ಗೊತ್ತಿತ್ತು," ಎಂದು ಅಪ್ಪ ನೆಲವನ್ನು ನೋಡಿ ಹೇಳಿದ.

ದೊಡ್ಡಮ್ಮ ಮತ್ತು ನಾನು ಬೇರೆ ಬೇರೆ ಮೂಲೆಗಳಲ್ಲಿ ನಿಂತಿದ್ದೆವು. ಬೀದಿಯಲ್ಲಿ ತಲೆಯೆತ್ತಿ ನೋಡದ ನಾನು, ದನಿಯನ್ನು ಕೇಳಿ ಅವಳನ್ನು ಎತ್ತರದ ಹೆಂಗಸು ಎಂದುಕೊಂಡುಬಿಟ್ಟಿದ್ದೆ. ಅವಳು ನನ್ನ ಭುಜದಷ್ಟೂ ಇರಲಿಲ್ಲ. ಕೈ ಒದ್ದೆಯಾಗದಿದ್ದರೂ ಒರೆಸಿಕೊಳ್ಳುತ್ತಿದ್ದಳು.

"ಚೆನ್ನಾಗಿದೀಯಾ?" ಎಂದು ಕೇಳಿದಳು, ನೆಂಟರ ಮನೆಯ ಹುಡುಗಿಯನ್ನು ಕೇಳುವ ಹಾಗೆ.

"ಹೂಂ," ಎಂದೆ.

ಅಷ್ಟೇ. ಅವಳು ತನ್ನ ಒಲೆಯ ಕಡೆ ತಿರುಗಿದಳು, ನಾನು ನನ್ನ ಒಲೆಯ ಕಡೆ.

ಹಲಗೆಗಳನ್ನು ಅಪ್ಪನ ಷೆಡ್ಡಿನ ಮಷೀನಿನಲ್ಲಿ ಸೀಳಿದರು. ಹಸಿರು ಮಗ್ಗುಲಿನವು ದೊಡ್ಡಪ್ಪನ ಕಂಕುಳಿಗೆ, ಮಸಿ ಮಗ್ಗುಲಿನವು ಅಪ್ಪನ ಮೇಜಿಗೆ. ಅಪ್ಪ ತನ್ನ ಪಾಲನ್ನು ಸಾಲಾಗಿ ಜೋಡಿಸಿ ನೋಡಿದ. ಮತ್ತೊಂದು ರೀತಿ ಜೋಡಿಸಿದ. ಬೆವರು ಬಂತು. ಒಂದು ಹಲಗೆಯನ್ನು ಸೀಳಿ ಪುಸ್ತಕದ ಹಾಗೆ ಬಿಚ್ಚಿದರೆ ಎಡಕ್ಕೂ ಬಲಕ್ಕೂ ಒಂದೇ ಎಳೆ ಸಿಗುತ್ತದೆ. ಹಾಗೆ ಕೂಡಿಸಿದ ಬೋರ್ಡು ಬಿಸಿಲಿಗೆ ತಿರುಚಿಕೊಳ್ಳುವುದಿಲ್ಲ. ಆದರೆ ಅಪ್ಪನ ಹತ್ತಿರ ಈಗ ಇದ್ದದ್ದು ಬರೀ ಎಡ. ಬಲವೆಲ್ಲ ದೊಡ್ಡಪ್ಪನ ಕಂಕುಳಲ್ಲಿತ್ತು. ಅಷ್ಟು ನ್ಯಾಯವಾಗಿ ಪಾಲು ಮಾಡಿಕೊಂಡ ಇಬ್ಬರಿಗೂ ಸಿಕ್ಕಿದ್ದು ಅರ್ಧರ್ಧ ಹಲಗೆಯೇ.

ದೊಡ್ಡಪ್ಪ ಬಾಗಿಲವರೆಗೆ ಹೋಗಿದ್ದವನು ನಿಂತು ತಿರುಗಿ ನೋಡಿದ. ಅವನು ಎಷ್ಟಾದರೂ ಬಡಗಿ. ತಪ್ಪಾಗಿ ಜೋಡಿಸಿದ ಮರವನ್ನು ನೋಡಿಕೊಂಡು ಹಾಗೇ ಹೋಗಲು ಅವನ ಕಾಲು ಕೇಳಲಿಲ್ಲ. ವಾಪಸ್ ಬಂದು ಕಂಕುಳಿನಿಂದ ಒಂದನ್ನು ಎಳೆದು ಅಪ್ಪನ ಹಲಗೆಯ ಪಕ್ಕದಲ್ಲಿಟ್ಟ. ಎಳೆಗೆ ಎಳೆ ಕೂಡಿಕೊಂಡಿತು.

"ಹೀಗಿಡಬೇಕು, ಕತ್ತೆ," ಎಂದ.

ಇಷ್ಟು ವರ್ಷದಲ್ಲಿ ತಮ್ಮನಿಗೆ ನೇರವಾಗಿ ಹೇಳಿದ ಮೊದಲ ಮಾತು ಅದು. ಅಪ್ಪನ ಕಣ್ಣು ತುಂಬಿತು.

"ಕೊಡ್ತೀಯಾ ಅಣ್ಣ?"

"ಕೊಡಲ್ಲ. ಒಂದು ಸಲ ಮರ ಬಿಟ್ಟು ಊರಿಗೆ ಹೋಗಿ ಅನುಭವಿಸಿದೀನಿ. ನನ್ನ ಮರ ಎಲ್ಲಿರುತ್ತೋ ನಾನೂ ಅಲ್ಲೇ ಇರ್ತೀನಿ."

ಹಾಗೆ ಇದ್ದುಬಿಟ್ಟ. ಒಂಬತ್ತು ಅಡಿಯ ಬೋರ್ಡನ್ನು ಬಿಸಿಲು, ಉಪ್ಪುಗಾಳಿ ತಾಗದ ಹಾಗೆ ಇಟ್ಟು, ಸುತ್ತ ತಿರುಗಾಡಿ ಕೆಲಸ ಮಾಡುವಷ್ಟು ಉದ್ದದ ಜಾಗ ಮನೆಯಲ್ಲಿ ಒಂದೇ ಇತ್ತು: ಗೋಡೆಯಿಲ್ಲದ ಅಡುಗೆಮನೆ. ನಡುವೆ ಕುದುರೆಗಳಂಥ ಎರಡು ಮರದ ಸ್ಟ್ಯಾಂಡು ಹಾಕಿ, ಒಳಗೆ ಮೀನಿನ ಮೂಳೆಯ ಹಾಗೆ ಚೌಕಟ್ಟು ಕೂಡಿಸಿ, ಮೇಲೆ ಹಲಗೆ ಅಂಟಿಸಿದರು. ಎಡಭಾಗಕ್ಕೆ ಅಪ್ಪ, ಬಲಭಾಗಕ್ಕೆ ದೊಡ್ಡಪ್ಪ. ಅಂಟು ಹೆಚ್ಚಾಯಿತು ಎಂದು ಒಬ್ಬ, ಕಡಿಮೆಯಾಯಿತು ಎಂದು ಇನ್ನೊಬ್ಬ. ಬೆಳಗ್ಗೆಯಿಂದ ಸಂಜೆಯವರೆಗೆ ಬೈದಾಟ. ಅಪ್ಪ ಅಷ್ಟು ಸಂತೋಷವಾಗಿದ್ದದ್ದನ್ನು ನಾನು ನೋಡಿರಲಿಲ್ಲ.

ಅವರ ಎರಡೂ ಪಕ್ಕಗಳಲ್ಲಿದ್ದ ಒಲೆಗಳ ಮುಂದೆ ದೊಡ್ಡಮ್ಮ, ನಾನು ಇಬ್ಬರೂ ಮೂಕರಾಗಿದ್ದೆವು. ಒಂದು ದಿನ ಅವಳು ಬಾಯಿ ತೆರೆದು "ಉಪ್ಪು…" ಎಂದಳು. ನಾನು ತಿರುಗಿದೆ. ಕಣ್ಣಿಗೆ ಕಣ್ಣು ಸೇರಿತು. ಅವಳು ಉಪ್ಪಿನ ಡಬ್ಬಿಯನ್ನು ನನ್ನ ಕಡೆ ತಳ್ಳಿ ಸುಮ್ಮನಾದಳು. ನನ್ನ ಹತ್ತಿರ ಉಪ್ಪು ಇತ್ತು.

ಬೋರ್ಡು ಮುಗಿದು, ಉಪ್ಪುಕಾಗದ ಹಾಕಿ ಉಜ್ಜಿ, ವಾರ್ನಿಷ್ ಬಳಿದು ಸ್ಟ್ಯಾಂಡಿನ ಮೇಲೆ ಒಂದು ಅಂಚಿನ ಮೇಲೆ ನಿಲ್ಲಿಸಿದರು. ಅವತ್ತು ನಾನು ನೆಲದ ಮೇಲೆ ಮಣೆ ಹಾಕಿಕೊಂಡು ತರಕಾರಿ ಹೆಚ್ಚಲು ಕೂತೆ. ಕೂತರೆ ಬೋರ್ಡು ಮುಖಕ್ಕೆ ಮರೆ. ಕೆಳಗೆ ದೊಡ್ಡಮ್ಮನ ಪಾದ ಮಾತ್ರ ಕಾಣುತ್ತಿತ್ತು. ಪಾದ ಸ್ವಲ್ಪ ಹೊತ್ತು ಅತ್ತಿತ್ತ ಆಡಿತು.

"ಏನೇ," ಎಂದಿತು ಬೋರ್ಡು, "ಅಷ್ಟು ದಪ್ಪ ಹೆಚ್ತಾರಾ ಯಾರಾದ್ರೂ? ಸದ್ದಲ್ಲೇ ಗೊತ್ತಾಗುತ್ತೆ."

ಅವತ್ತು ಎರಡೂ ಒಲೆಯ ಮೇಲಿನದು ಸೀದು ಹೋಯಿತು. ಅವಳ ಮೂಗಿಗೂ ತಿಳಿಯಲಿಲ್ಲ.

ವಾರ್ನಿಷ್ ಒಣಗುವ ಹೊತ್ತಿಗೆ ಡಾಕ್ಟರಮ್ಮ ಬಂದರು. ಅಪ್ಪ ಷೆಡ್ಡಿನಲ್ಲಿದ್ದ. ನಾನು ಬಾಗಿಲಿಗೆ ಅಡ್ಡ ನಿಂತೆ. ಗಿರಾಕಿಗಳ ಜೊತೆ ಜೀವಮಾನದಲ್ಲಿ ಮಾತಾಡದವಳು, "ಇನ್ನೂ ಒಣಗಿಲ್ಲ," ಎಂದೆ. ಮತ್ತೆ ಬಂದರು. ಒಣಗಿಲ್ಲ ಎಂದೆ. ಇನ್ನೊಮ್ಮೆ ಬಂದಾಗ ಅವರೇ ಒಳಗೆ ಹೋಗಿ ಬೆರಳು ಇಟ್ಟು ನೋಡಿದರು. "ಒಣಗಿದೆಯಲ್ಲಮ್ಮ?"

"ಮೇಲೆ ಒಣಗಿದೆ," ಎಂದೆ. "ಒಳಗೆ ಒಣಗಿಲ್ಲ."

ಅದು ಅವರಿಗೆ ಎಷ್ಟು ಹಿಡಿಸಿತೆಂದರೆ, ತಮ್ಮ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರಿಗೆಲ್ಲ ಹೇಳಿದರಂತೆ: ಇಂಥ ಕಟ್ಟುನಿಟ್ಟಿನ ಕೆಲಸ ಎಲ್ಲೂ ಇಲ್ಲ, ಒಳಗಿನವರೆಗೆ ಒಣಗದೆ ಕೊಡುವುದಿಲ್ಲ. ಇನ್ನಷ್ಟು ಜನ ಬೋರ್ಡು ಬೇಕೆಂದು ಬಂದರು. ಅಪ್ಪ ನನ್ನ ತಲೆ ಸವರಿ, "ನಮ್ಮಪ್ಪನ ರಕ್ತ," ಎಂದ.

ಆದರೆ ಒಂದು ದಿನ ಕೊಡಲೇಬೇಕಾಯಿತು. ಅಣ್ಣ ತಮ್ಮ ಇಬ್ಬರೂ ಸೇರಿ ಬೋರ್ಡನ್ನು ಹೊತ್ತು ಡಾಕ್ಟರಮ್ಮನ ಕಾರಿನ ಮೇಲೆ ಕಟ್ಟಿದರು. ಕಾರು ಹತ್ತುವಾಗ ಡಾಕ್ಟರಮ್ಮ ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದರು. ನನ್ನ ಎಡ, ನಿನ್ನ ಬಲ ಎಂದು ಅಪ್ಪ, ದೊಡ್ಡಪ್ಪ ಬೀದಿಯ ತುದಿಯವರೆಗೂ ಬೈದಾಡಿಕೊಂಡು ಹಿಂದೆಯೇ ಹೋದರು.

ಅಡುಗೆಮನೆ ಮತ್ತೆ ಉದ್ದವಾಯಿತು. ದೊಡ್ಡಮ್ಮ ಆ ತುದಿ, ನಾನು ಈ ತುದಿ. ಕೊನೆಗೆ ಅವಳು ತನ್ನ ಮಣೆಯನ್ನು ಕಾಲಿನಿಂದ ತಳ್ಳಿಕೊಂಡು ಕೋಣೆಯ ನಡುವಿಗೆ ಬಂದು, ನನಗೆ ಬೆನ್ನು ಹಾಕಿ ಕೂತಳು.

"ಬಾ. ನೀನೂ ಹೀಗೇ ಕೂತ್ಕೋ. ತಿರುಗಿಗಿರುಗಿ ನೋಡಿದ್ರೆ ಎದ್ದು ಹೋಗ್ತೀನಿ."

ನಾನು ನನ್ನ ಮಣೆ ತಂದು ಅವಳ ಬೆನ್ನಿಗೆ ಬೆನ್ನು ಕೊಟ್ಟು ಕೂತೆ. ಅವಳ ಬೆನ್ನು ಬೆಚ್ಚಗಿತ್ತು, ಉಸಿರಾಡುತ್ತಿತ್ತು. ಮೊದಲು ನನಗೆ ಅದೊಂದು ವಿಚಿತ್ರ. ಆಮೇಲೆ ಎಲ್ಲಿಂದ ಶುರು ಮಾಡಿದೆನೋ ನೆನಪಿಲ್ಲ.

ಅಪ್ಪ, ದೊಡ್ಡಪ್ಪ ಒಳಗೆ ಬಂದಾಗ ನಮ್ಮನ್ನು ನೋಡಿ ಹೊಸ್ತಿಲಲ್ಲೇ ನಿಂತರು. ನಾವು ಥಟ್ಟನೆ ಬಾಯಿ ಮುಚ್ಚಿದೆವು.

"ಏನಾಯ್ತೋ ಇವರಿಬ್ಬರಿಗೆ?" ಎಂದ ದೊಡ್ಡಪ್ಪ, ಮೆಲ್ಲಗೆ.

"ಜಗಳ ಅನ್ಸುತ್ತೆ. ನೋಡು, ಮುಖ ತಿರುಗಿಸ್ಕೊಂಡು ಕೂತಿರೋದು."

"ಇಷ್ಟು ಬೇಗ? ಛೆ! ನಾವು ಎಲ್ಲಾ ಮರೆತು ಒಂದಾದ್ವಿ, ಇವರಿಗೇನು ಬಂದಿದೆ ರೋಗ?"

"ಸಣ್ಣಪುಟ್ಟದ್ದಕ್ಕೆಲ್ಲ ಮಾತು ಬಿಡೋ ಚಾಳಿ ನಮ್ಮ ವಂಶದಲ್ಲಿ ಇರಲಿಲ್ಲಪ್ಪ," ಎಂದ ಅಪ್ಪ, ನಿಜವಾದ ದುಃಖದಿಂದ.

ಇಬ್ಬರೂ ಗಂಭೀರವಾಗಿ ಯೋಚಿಸಿದರು. "ಮಧ್ಯೆ ಒಂದು ಮರೆ ಕಟ್ಟಿಕೊಡೋಣ," ಎಂದ ದೊಡ್ಡಪ್ಪ. "ಸ್ವಲ್ಪ ದಿನ ಇರ್ಲಿ. ಸಿಟ್ಟು ಇಳಿದ ಮೇಲೆ ತೆಗೆದ್ರಾಯ್ತು. ನನ್ನ ಹತ್ತಿರ ಬಾಗಿಲಿನ ಮರ ಇದೆ, ಕಬ್ಬಿಣದಂಥದ್ದು."

"ಅಷ್ಟು ಭಾರದ್ದು ಯಾಕೆ? ಹಗುರದ್ದು ನಾನು ತಟ್ಟಿ ಆರಿಸ್ತೀನಿ."

"ನೀನು ಆರಿಸಿದ್ದು ಗೊತ್ತಿಲ್ವಾ? ಮುಳುಗುತ್ತೆ."

"ಅಡುಗೆಮನೇಲಿ ಎಲ್ಲಿಗೆ ಮುಳುಗುತ್ತೆ ಅಣ್ಣ?"

ಬೈದಾಡುತ್ತಾ ಮರದ ರಾಶಿಯ ಕಡೆ ಹೋದರು. ಒಂದೊಂದೇ ಹಲಗೆಯನ್ನು ತಟ್ಟುವ ಸದ್ದು ಕೇಳಿಸತೊಡಗಿತು. ದೊಡ್ಡಮ್ಮನ ಬೆನ್ನು ಕುಲುಕುತ್ತಿತ್ತು.

"ಸುಮ್ಮನಿರು ಮರಿ, ನಗಬೇಡ," ಎಂದಳು ಪಿಸುಗುಟ್ಟಿ. "ದೇವರೇ, ಬಾಗಿಲಿನ ಮರಾನೇ ಗೆಲ್ಲಲಿ. ಹಾಂ, ಆಮೇಲೆ? ಕಾರು ಹತ್ತೋವಾಗ ಡಾಕ್ಟರಮ್ಮ ನಿನ್ನ ಕಿವೀಲಿ ಏನೋ ಅಂದ್ರಲ್ಲ, ಏನದು?"